ನನ್ನ ಅನುಭವ: ‘ರಿಟಾರ್ಡ್’ ಪದಕ್ಕೆ ನಾಲ್ಕು ಕನ್ನಡ

ಒಂದು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದ ಇರಬೇಕು, ಇಲ್ಲದಿದ್ದರೆ ಪದಪಟ್ಟಿ ಕೆಡುತ್ತದೆ ಅಂತ ಜೊತೆಯ ಅನುವಾದಕರು ಪಟ್ಟು ಹಿಡಿದಿದ್ದರು. ‘ರಿಟಾರ್ಡ್’ ವಿಷಯದಲ್ಲಿ ನಾನು ಒಪ್ಪಲಿಲ್ಲ. ಹತ್ತಿರ ಹತ್ತಿರ ನಲವತ್ತು ಸಾವಿರ ಪದಗಳ ಕೈಪಿಡಿ ಕೆಲಸದಲ್ಲಿ ಅದಕ್ಕೆ ನಾಲ್ಕು ಕನ್ನಡ ಇಟ್ಟೆ. ಪರಿಶೀಲನೆಯಿಂದ ಆ ಪದದ ಒಂದು ಸಾಲೂ ವಾಪಸು ಬರಲಿಲ್ಲ. ಹಿಂದಿನ ಕೆಲಸದಲ್ಲಿ ಎಲ್ಲ ಕಡೆ ‘ನಿಧಾನಗೊಳಿಸು’ ಅಂತ ಹಾಕಿ, ಐದಾರು ದಿನ ಬಿಟ್ಟಿಯಾಗಿ ತಿದ್ದಿಕೊಟ್ಟಿದ್ದೆ. ಏಳೆಂಟು ಸಾವಿರ ರೂಪಾಯಿಯ ದುಡಿಮೆ ಅಲ್ಲೇ ಹೋಯಿತು.

ಬೇರು ನೋಡಿದರೆ ಗಂಟು ಎಲ್ಲಿದೆ ಅಂತ ಕಾಣುತ್ತದೆ. ಲ್ಯಾಟಿನ್ನಿನ ‘ಟಾರ್ಡುಸ್’ ಅಂದರೆ ನಿಧಾನ. ಅದರಿಂದ ಆದ ‘ರೆಟಾರ್ಡಾರೆ’ ಫ್ರೆಂಚಿನ ದಾರಿಯಲ್ಲಿ 15ನೇ ಶತಮಾನದ ಕೊನೆಗೆ ಇಂಗ್ಲಿಷ್ ಸೇರಿತು. ‘ಟಾರ್ಡಿ’, ನಿಧಾನ ನಡಿಗೆಯ ಸೂಕ್ಷ್ಮಜೀವಿ ‘ಟಾರ್ಡಿಗ್ರೇಡ್’, ಸಂಗೀತದ ಲಯ ಇಳಿಸುವ ‘ರಿಟಾರ್ಡಾಂಡೊ’ ಎಲ್ಲ ಒಂದೇ ಮನೆಯವು. ಆದರೆ ಫ್ರೆಂಚಿನಲ್ಲಿ ‘ಆನ್ ರತಾರ್’ ಅಂದರೆ ತಡವಾಗಿ. ಅಲ್ಲಿ ವೇಗದ ಮಾತೇ ಇಲ್ಲ. ಇಂಗ್ಲಿಷಿನ ತಾಂತ್ರಿಕ ಬಳಕೆಯಲ್ಲಿ ಈ ಎರಡೂ ಅರ್ಥ ಉಳಿದಿವೆ. ನಮ್ಮ ‘ತಡ’ಕ್ಕೂ ‘ಟಾರ್ಡುಸ್’ಗೂ ನಂಟು ಕಟ್ಟಲು ಹೋಗಬೇಡಿ. ತಡ, ತಡೆ ಎರಡೂ ದ್ರಾವಿಡ ಬೇರಿನವು, ತಮಿಳಿನ ‘ತಡೈ’ ಜೊತೆಗಿನವು.

ಹಾಗಾಗಿ ಪ್ರತಿ ವಾಕ್ಯಕ್ಕೂ ನಾನು ಕೇಳುವುದು ಒಂದೇ: ಇಳಿಯುತ್ತಿರುವುದು ವೇಗವೋ, ಸರಿಯುತ್ತಿರುವುದು ಹೊತ್ತೋ, ಕುಗ್ಗುತ್ತಿರುವುದು ಹರಡುವಿಕೆಯೋ, ಅಥವಾ ಮಾತು ಮನುಷ್ಯರ ಬಗ್ಗೆಯೋ?

ಹೆಚ್ಚು ಕೈಕೊಡುವುದು ಎಂಜಿನ್ ಟೈಮಿಂಗ್, ಅಂದರೆ ಎಂಜಿನ್ನಿನೊಳಗೆ ಇಂಧನ ಹೊತ್ತಿಸುವ ಕಿಡಿ ಹಾರುವ ಹೊತ್ತು. ‘ಕಿಡಿಯನ್ನು ನಿಧಾನಗೊಳಿಸಿ’ ಅಂದರೆ ಅರ್ಥವೇ ಇಲ್ಲ. ಕಿಡಿ ನಿಧಾನವಾಗುವುದಿಲ್ಲ, ತಡವಾಗಿ ಹಾರುತ್ತದೆ. ಕಿಡಿ ಬೇಗ ಹಾರಿಸುವ ‘ಅಡ್ವಾನ್ಸ್’ ಅನ್ನು ‘ಮುಂದೆ’ ಮಾಡಿದರೆ ‘ರಿಟಾರ್ಡ್’ ತಾನಾಗಿ ‘ಹಿಂದೆ’ ಆಗುತ್ತದೆ. ಆದರೆ ಕನ್ನಡದಲ್ಲಿ ತಡ ಮಾಡುವುದಕ್ಕೆ ‘ಮುಂದೂಡು’ ಅನ್ನುತ್ತೇವಲ್ಲ! ಓದಿದವರು ಉಲ್ಟಾ ತಿರುಗಿಸಿದರೆ ಎಂಜಿನ್ನಿನಲ್ಲಿ ನಾಕಿಂಗ್, ಅಂದರೆ ಟಕಟಕ ಬಡಿತ, ಶುರುವಾಗುತ್ತದೆ. ನಾನು ಹಿಂದೆ, ಮುಂದೆ ಎರಡನ್ನೂ ಬಿಟ್ಟು ಹೀಗೆ ಬರೆದೆ: ‘ಕಿಡಿ 4 ಡಿಗ್ರಿ ತಡವಾಗಿ ಹಾರಲಿ. ಪಿಸ್ಟನ್ ತುದಿ ಮುಟ್ಟುವ 12 ಡಿಗ್ರಿ ಮೊದಲು ಹಾರುತ್ತಿದ್ದುದು 8 ಡಿಗ್ರಿ ಮೊದಲು ಹಾರಬೇಕು.’ ಅಂಕಿ ಹಾಕಿದ ಮೇಲೆ ಗೊಂದಲ ಉಳಿಯುವುದಿಲ್ಲ.

ಘಟ್ಟ ಇಳಿಯುವ ಬಸ್ಸಿನ ‘ರಿಟಾರ್ಡರ್’ ಅನ್ನು ಹಾಗೇ ಬಿಡಿ, ‘ಬ್ರೇಕ್’ ಅನ್ನಬೇಡಿ. ಬ್ರೇಕ್ ಲೈನಿಂಗ್ ಸವೆಸದೆ ಅದು ವೇಗ ಇಳಿಸುತ್ತದೆ, ನಿಜ. ಆದರೆ ಬಸ್ಸು ನಿಧಾನವಾದಂತೆ ಅದರ ಹಿಡಿತವೂ ಸಡಿಲ. ನಿಂತ ಬಸ್ಸನ್ನು ಅದು ಹಿಡಿದಿಡುವುದಿಲ್ಲ. ಏರ್‌ಬಸ್ ವಿಮಾನ ನೆಲದಿಂದ 20 ಅಡಿ ಎತ್ತರಕ್ಕೆ ಇಳಿದಾಗ ಕಾಕ್‌ಪಿಟ್‌ನಲ್ಲಿ ‘ರಿಟಾರ್ಡ್’ ಅಂತ ಕೂಗುತ್ತದೆ. ಅದು ಎಂಜಿನ್ ಶಕ್ತಿಯ ಲಿವರ್ ಪೂರ್ತಿ ಹಿಂದಕ್ಕೆಳೆಯಿರಿ ಅನ್ನುವ ಸೂಚನೆ.

ಕಾಂಕ್ರೀಟಿಗೆ ಬೆರೆಸುವ ‘ರಿಟಾರ್ಡರ್’ ಮತ್ತೆ ಹೊತ್ತಿನ ಲೆಕ್ಕ: ‘ಗಟ್ಟಿಯಾಗುವುದನ್ನು ತಡಮಾಡುವ ಮಿಶ್ರಣ’. ಸಕ್ಕರೆಯೂ ಈ ಕೆಲಸ ಮಾಡುತ್ತದೆ. ಸಿಮೆಂಟಿನ ತೂಕದ ಶೇ. 0.05ರಷ್ಟು, ಅಂದರೆ 50 ಕೆ.ಜಿ. ಮೂಟೆಗೆ 25 ಗ್ರಾಂ ಸಾಕು, ಸುಮಾರು ನಾಲ್ಕು ಗಂಟೆ ತಡವಾಗುತ್ತದೆ. ಶೇ. 1 ಮುಟ್ಟಿದರೆ ಗಟ್ಟಿಯಾಗುವುದೇ ಬಹುಮಟ್ಟಿಗೆ ನಿಂತುಹೋಗುತ್ತದೆ. ಪದ ಸರಿಯೇ ಅಂತ ನೋಡಲು ಒಂದು ಕೆ.ಜಿ. ಸಿಮೆಂಟಿಗೆ ಅರ್ಧ ಗ್ರಾಂ ಸಕ್ಕರೆ ಕಲಸಿ, ಬರೀ ಸಿಮೆಂಟಿನ ಪಕ್ಕ ಇಟ್ಟೆ. ಸಂಜೆಗೆ ಬರೀ ಸಿಮೆಂಟಿಗೆ ಮೊಳೆ ಇಳಿಯಲಿಲ್ಲ, ಸಕ್ಕರೆಯದಕ್ಕೆ ಸಲೀಸಾಗಿ ಇಳಿಯಿತು.

‘ಫೈರ್ ರಿಟಾರ್ಡೆಂಟ್’ ಅನ್ನು ‘ಅಗ್ನಿನಿರೋಧಕ’ ಮಾಡುವುದು ಅಪಾಯ. ಅದನ್ನು ಹಚ್ಚಿದ ಬಟ್ಟೆಯೂ ಸುಡುತ್ತದೆ, ಬೆಂಕಿ ಹರಡುವುದು ತಡವಾಗುತ್ತದೆ ಅಷ್ಟೆ. ‘ಬೆಂಕಿ ಹರಡುವಿಕೆ ತಗ್ಗಿಸುವ’ ಅಂತ ಉದ್ದವಾದರೂ ಅದನ್ನೇ ಇಟ್ಟೆ. ಒಂದು ಕಡತದಲ್ಲಿ ಈ ನಾಲ್ಕನ್ನೂ ಮೊದಲ ಓದಿಗೇ ಬೇರ್ಪಡಿಸುವ ಹುಡುಕಾಟದ ಸೂತ್ರ ನನ್ನ ಬಳಿ ಇದೆ. ಅದನ್ನಿಲ್ಲಿ ಕೊಡುವುದಿಲ್ಲ.

ಮನುಷ್ಯರ ವಿಷಯದಲ್ಲಿ ಈ ಪದ ಬೇಡವೇ ಬೇಡ. ಹಿಂದಿನ ಒರಟು ಪದಗಳ ಬದಲಿಗೆ ಮರ್ಯಾದೆಯ ಪದವಾಗಿ ಬಂದದ್ದು ಕೊನೆಗೆ ಬೈಗುಳವಾಯಿತು. ನಮ್ಮ ‘ಬುದ್ಧಿಮಾಂದ್ಯ’ದೊಳಗಿನ ‘ಮಂದ’ವೂ ನಿಧಾನವೇ. ಅಮೆರಿಕ 2010ರಲ್ಲಿ ಕಾಯಿದೆ ಮಾಡಿ ಸಂಯುಕ್ತ ಸರ್ಕಾರದ ಹಲವು ಕಾನೂನುಗಳಿಂದ ಇದನ್ನು ತೆಗೆಯಿತು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಅಂಗವೈಕಲ್ಯಗಳ ಪಟ್ಟಿಯಲ್ಲೂ ಹೊಸ ಪದ ಇದೆ. ಕನ್ನಡದಲ್ಲಿ ‘ಬೌದ್ಧಿಕ ಅಂಗವೈಕಲ್ಯ’ ಅಂತ ಬರೆಯಿರಿ. ಆದರೆ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯಿದೆಯ ಪೂರ್ಣ ಹೆಸರಿನಲ್ಲಿ ಹಳೆಯ ಪದವೇ ಇದೆ. ಹೆಸರನ್ನು ತಿದ್ದುವ ಅಧಿಕಾರ ಅನುವಾದಕರಿಗಿಲ್ಲ, ಅಲ್ಲಿ ಹಾಗೇ ಇಡಬೇಕು.