ಒಂದೇ ‘ಸೆಟ್’ ಹಿಡ್ಕೊಂಡು ಮೂರು ವಾರ ಇಂಗ್ಲಿಷ್ ಕ್ಲಾಸ್ – ನನ್ನ ಅನುಭವ

ಮೂರು ವಾರ ಒಂದೇ ಶಬ್ದ ಕಲಿಸ್ತೇನೆ ಅಂದಾಗ ಶಿರಸೀಲಿ ನನ್ನ ಜೊತೆ ಟ್ಯೂಷನ್ ಮಾಡೋ ಒಬ್ಬನೂ ನಂಬಲಿಲ್ಲ. “ಫೀ ತಗೊಂಡು ಬರೀ ಸೆಟ್ ಸೆಟ್ ಅಂತಿದ್ರೆ ಅಪ್ಪ ಅಮ್ಮ ಬಂದು ನಿನ್ನನ್ನೇ ಸೆಟ್ ಮಾಡ್ತಾರೆ ನೋಡು ಮಾರಾಯಾ” ಅಂದ ಒಬ್ಬ. ಈಗ ಅವನೇ ನೋಟ್ಸ್ ಕೇಳ್ತಿದ್ದಾನೆ, ಅದಕ್ಕೇ ಬರೀತಿದ್ದೇನೆ.

ಮೊದಲು ಸೋತಿದ್ದು ಹೇಳ್ತೇನೆ. ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟಿನ 1989ರ ಎರಡನೇ ಆವೃತ್ತೀಲಿ ಸೆಟ್ ಕ್ರಿಯಾಪದ ಒಂದಕ್ಕೇ 430 ಅರ್ಥ ಕೊಟ್ಟಿದ್ದಾರೆ ಅಂತ ಓದಿದ್ದೆ. ನಾನು ಸಣ್ಣ ಡಿಕ್ಷನರಿ ನೋಡಿ ಒಂದು ನಲವತ್ತು ಆರಿಸಿ ಫ್ಲೆಕ್ಸ್ ಮಾಡಿಸಿ ಗೋಡೆಗೆ ಹೊಡೆದೆ, ಸಾವಿರದ ಇನ್ನೂರೋ ಏನೋ ಆಯ್ತು. ಮಕ್ಕಳು ಮಗ್ಗಿ ತರ ಬಾಯಿಪಾಠ ಮಾಡಿದ್ರು, ಟೆಸ್ಟಲ್ಲಿ ‘ದಿ ಕರ್ಡ್ ಹ್ಯಾಸ್ ನಾಟ್ ಸೆಟ್’ ಕೊಟ್ರೆ ಅರ್ಧಕ್ಕರ್ಧ ಜನ “ಮೊಸರು ಮುಳುಗಿಲ್ಲ” ಅಂತ ಬರೆದಿದ್ರು. ಸೂರ್ಯ ಮುಳುಗೋದು ನೆನಪಿತ್ತು ಪಾಪ. ಆ ಫ್ಲೆಕ್ಸು ಈಗ ಹಿತ್ತಲಲ್ಲಿ ಕಟ್ಟಿಗೆ ಮುಚ್ಚಿಕೊಂಡಿದೆ, ನನ್ನ ಹೆಂಡತಿ ಪ್ರಕಾರ ನಾನು ತಂದ ಬೋಧನಾ ಸಾಮಗ್ರೀಲಿ ಉಪಯೋಗಕ್ಕೆ ಬಂದಿದ್ದು ಅದೊಂದೇ. ಆಮೇಲೆ ಆನ್‌ಲೈನಲ್ಲಿ ಎಂಟುನೂರು ಚಿಲ್ಲರೆ ಕೊಟ್ಟು ಫ್ಲಾಶ್ ಕಾರ್ಡ್ ತರಿಸಿದೆ, ಜುಲೈ ಮಳೆಗೆ ಬೂಸ್ಟು ಹಿಡಿದು ಎಲ್ಲಾ ಒಂದಕ್ಕೊಂದು ಅಂಟಿಕೊಂಡ್ವು, ಕಥೆ ಮುಗೀತು.

ದಾರಿ ಸಿಕ್ಕಿದ್ದು ಶೇಟ್ರ ಅಂಗಡೀಲಿ. ಮನೆಯವಳ ಮೂಗುತಿ ಹರಳು ಬಿದ್ದಿತ್ತು, ತಗೊಂಡು ಹೋದೆ. “ಮಾಸ್ತರ್ರೇ, ಹತ್ತು ನಿಮಿಷ ನಿಲ್ಲಿ, ಹರಳು ಕೂರಿಸಿ ಕೊಡ್ತೇನೆ” ಅಂದ್ರು. ಪಕ್ಕದಲ್ಲಿ ಕೂತಿದ್ದ ಹುಡುಗ “ಸ್ಟೋನ್ ಸೆಟ್ಟಿಂಗಾ?” ಅಂತ ಕೇಳಿದ. ಅಷ್ಟೇ, ತಲೇಲಿ ಬಲ್ಬು ಹತ್ತಿತು. ಮನೆಗೆ ಬಂದು ಹುಡುಕಿದ್ರೆ ಸರಿಯಾಗೇ ಇತ್ತು, ಹಳೇ ಇಂಗ್ಲಿಷಲ್ಲಿ ‘ಸಿಟ್’ ಅಂದ್ರೆ ಕೂರು, ‘ಸೆಟ್’ ಅದರದ್ದೇ ಪ್ರೇರಣಾರ್ಥಕ, ಕೂರಿಸು. ನಮ್ಮ ಕೂರು-ಕೂರಿಸು ಇದೆಯಲ್ಲ, ಅದೇ ಲೆಕ್ಕ. ಇಷ್ಟು ವರ್ಷ ‘ಇಡು’ ಅಂತ ಹೇಳಿಕೊಟ್ಟೇ ಕೆಟ್ಟಿದ್ದು ನಾನು.

ಮಾರನೇ ದಿನ ಬೋರ್ಡ್ ಮೇಲೆ ‘ಕೂರಿಸು’ ಅಂತ ಬರೆದು, ನಿಮ್ಮ ಮನೇಲಿ ಏನೇನು ಕೂರಿಸ್ತೀರಿ ಹೇಳಿ ಅಂದೆ. ಚೌತಿಗೆ ಗಣಪತಿ ಕೂರಿಸ್ತೇವೆ, ಜಾತ್ರೇಲಿ ಮಾರಿಕಾಂಬೇನ ಬಿಡಕಿಬೈಲಿನ ಗದ್ದುಗೇಲಿ ಕೂರಿಸ್ತಾರೆ, ಅಜ್ಜನ ಕೈ ಮೂಳೆ ತಪ್ಪಿತ್ತು ಕೂರಿಸಿದ್ರು, ಅಂತ ಒಂದೇ ಗಲಾಟೆ. ಗಣಪತಿಗೆ ಇಂಗ್ಲಿಷಲ್ಲಿ ಬೇರೆ ಶಬ್ದ, ಅದಿರಲಿ, ಮೂಳೆಗೆ ಸೆಟ್ ಸರೀನೇ. ಕೊಂಕಣಿ ಮನೆ ಮಕ್ಕಳು ತಮ್ಮ ಭಾಷೇಲಿ ಹೇಳಿಕೊಂಡು ನೋಡಿದ್ರು, ಅವರಿಗೂ ಸರಿ ಬಂತು. ಸೆಂಟ್ರಿಂಗ್ ಕೆಲಸದವರ ಮಗ ಒಬ್ಬ ಇದ್ದಾನೆ, ಯಾವತ್ತೂ ಬಾಯಿ ಬಿಡದವ, ಸಿಮೆಂಟು ಮೂವತ್ತು ನಿಮಿಷದೊಳಗೆ ಸೆಟ್ ಆಗೋಕೆ ಶುರುವಾಗಬಾರದು, ಆರುನೂರು ನಿಮಿಷದೊಳಗೆ ಪೂರಾ ಆಗ್ಬೇಕು ಅಂತ ಎದ್ದು ನಿಂತು ಹೇಳಿದ. ಸರ್ಕಾರಿ ಮಾನದಂಡ ಅದೇ, ನನಗೇ ಗೊತ್ತಿರಲಿಲ್ಲ. ಅವತ್ತಿಂದ ಮೊಸರು, ಕಾಂಕ್ರೀಟು, ಜೆಲ್ಲಿ ಎಲ್ಲಾ ‘ಅಲುಗದೆ ಕೂತ್ಕೊಳ್ಳೋದು’ ಅನ್ನೋ ಒಂದೇ ಗೂಟಕ್ಕೆ. ಅಲಾರಂ ಅಂದ್ರೆ ಮುಳ್ಳನ್ನ ಐದರ ಮೇಲೆ ಕೂರಿಸೋದು. ಮಾನ್ಸೂನ್ ಸೆಟ್ ಇನ್ ಅಂತ ಹವಾಮಾನದವರು ಹೇಳೋದನ್ನ ನಾನು ಕೇಳೋ ಮೊದಲೇ ಹಿಂದಿನ ಬೆಂಚಿಂದ ಉತ್ತರ ಬಂತು, “ಮಳೆ ಹಿಡ್ಕೊಂಡು ಕೂತಿದೆ ಸರ್”. ಮೂರೂ ರೂಪ ಸೆಟ್-ಸೆಟ್-ಸೆಟ್ ಅನ್ನೋದು ಬೋನಸ್ಸು.

ಎಂಟನೇ ದಿನ ಒಬ್ಬಳು ಕೈ ಎತ್ತಿದಳು. “ಸರ್, ಸೆಟ್ ದೋಸೇಲಿ ಯಾರನ್ನ ಕೂರಿಸ್ತಾರೆ?” ಕ್ಲಾಸೇ ನಕ್ಕಿತು, ನಾನು ಬೆವೆತೆ. ಮತ್ತೆ ರಾತ್ರಿ ಕೂತು ನೋಡಿದೆ. ಗುಂಪು ಅನ್ನೋ ಅರ್ಥದ ಸೆಟ್ ಹುಟ್ಟಿದ್ದೇ ಬೇರೆ ಕಡೆ, ಲ್ಯಾಟಿನ್ನಿನ ಸೆಕ್ಟಾದಿಂದ ಹಳೇ ಫ್ರೆಂಚ್ ಮೂಲಕ ಬಂದಿದ್ದು, ಪಂಥ ಅನ್ನೋ ಅರ್ಥದ ಸೆಕ್ಟ್‌ಗೆ ಅಣ್ಣನೋ ತಮ್ಮನೋ. ಆಮೇಲೆ ಎರಡೂ ಕಲಸಿಕೊಂಡ್ವು. ಹಾಗಾಗಿ ಬೋರ್ಡಲ್ಲಿ ಎರಡು ಮನೆ ಮಾಡಿದೆ, ಒಂದು ಕೂರಿಸೋ ಮನೆ, ಒಂದು ಗುಂಪಿನ ಮನೆ. ಸೆಟ್ ದೋಸೆ, ಬಂಗಾರದ ಸೆಟ್, ಗಣಿತದ ಗಣ ಎಲ್ಲಾ ಎರಡನೇ ಮನೆಗೆ. ಈ ಎರಡು ಮನೆ ಮಾಡದೆ ಯಾರೂ ಶುರು ಮಾಡ್ಬೇಡಿ, ನನ್ನ ಹಾಗೆ ಸಿಕ್ಕಿಹಾಕಿಕೊಳ್ತೀರಿ.

ಹುಮ್ಮಸ್ಸಲ್ಲಿ ಒಂದು ದುಬಾರಿ ತಪ್ಪೂ ಮಾಡಿದೆ. ಸೂರ್ಯ ‘ಕೂರೋದು’ ತೋರಿಸ್ತೇನೆ ಅಂತ ಟೆಂಪೋ ಮಾಡಿ ಹದಿನೆಂಟು ಮಕ್ಕಳನ್ನ ದೇವಿಮನೆ ಘಾಟಿ ಇಳಿಸಿ ಕುಮಟಾ ಬೀಚಿಗೆ ಕರ್ಕೊಂಡು ಹೋದೆ, ಹತ್ತತ್ರ ಅರವತ್ತು ಕಿಲೋಮೀಟರ್, ಬಾಡಿಗೆ ಮೂರೂವರೆ ಸಾವಿರ, ದಾರೀಲಿ ಇಬ್ಬರಿಗೆ ವಾಂತಿ. ಅಲ್ಲಿ ನೋಡಿದ್ರೆ ಪೂರಾ ಮೋಡ. ಸೂರ್ಯ ಕೂತನೋ ಎದ್ದನೋ ಆ ದೇವರಿಗೇ ಗೊತ್ತು. ಆದ್ರೆ ದಂಡೇಲಿ ಮಗುಚಿ ಹಾಕಿದ್ದ ದೋಣಿ ಇತ್ತು, ಅದನ್ನ ತೋರಿಸಿ ಅಪ್‌ಸೆಟ್ ಅಂದ್ರೆ ಮೂಲತಃ ಬೇಜಾರಲ್ಲ, ದೋಣಿ ಮಗುಚಿದ್ರೂ ಅದೇ ಶಬ್ದ, ಕೂತಿದ್ದು ಬುಡಮೇಲಾಗೋದು ಅಂತ ಹೇಳಿದೆ. ಮೂರೂವರೆ ಸಾವಿರಕ್ಕೆ ಒಂದು ಶಬ್ದ.

ಫಲಿತಾಂಶ ಅಂದ್ರೆ, ಮೊದಲ ಟೆಸ್ಟಲ್ಲಿ ಇಪ್ಪತ್ತಕ್ಕೆ ಆರೋ ಏಳೋ ಬರ್ತಿದ್ದವರು ಮೂರನೇ ವಾರ ಹದಿನಾಲ್ಕು ಹದಿನೈದಕ್ಕೆ ಬಂದ್ರು, ಅದೂ ಕ್ಲಾಸಲ್ಲಿ ಹೇಳಿಕೊಡದ ವಾಕ್ಯ ಕೊಟ್ಟು. ಸೆಟ್ ಆಫ್, ಸೆಟ್ ಅಪಾರ್ಟ್ ತರದ್ದು ಕೂರಿಸೋಕೆ ಒಂದು ಆಟ ಆಡಿಸ್ತೇನೆ, ಕೊನೇ ಹತ್ತು ನಿಮಿಷದ್ದು, ಅದನ್ನ ಇಲ್ಲಿ ಬರೆಯಲ್ಲ. ತಿಂಗಳಿಗೆ ಮುನ್ನೂರು ಫೀ, ರೂಮ್ ಬಾಡಿಗೆ ಎರಡೂವರೆ ಸಾವಿರ, ನಂಗೂ ಹೊಟ್ಟೆ ಇದೆ.

ಆಮೇಲೆ ‘ರನ್’ ಹಿಡಿದೆ. ಹೊಸ ಲೆಕ್ಕದಲ್ಲಿ ಅದು ಸೆಟ್ಟನ್ನೂ ಹಿಂದೆ ಹಾಕಿದೆಯಂತೆ, ಕ್ರಿಯಾಪದಕ್ಕೇ ಆರುನೂರರ ಮೇಲೆ ಅರ್ಥ. ಓಡು ಅಂತ ಹಿಡಿದ್ರೆ ಚೆನ್ನಾಗೇ ಹೋಗುತ್ತೆ, ಬಸ್ ಓಡುತ್ತೆ, ಅಂಗಡಿ ಓಡುತ್ತೆ, ಸಿನಿಮಾ ನೂರು ದಿನ ಓಡುತ್ತೆ. ಮೂಗಿಗೆ ಬಂದಾಗ ಸ್ವಲ್ಪ ಎಡವಟ್ಟು, ನಮ್ಮದು ಸೋರುತ್ತೆ. ಎಲೆಕ್ಷನ್ನಿಗೆ ಬಂದಾಗ ಪೂರಾ ನಿಂತೇಹೋಯ್ತು, “ಸರ್, ನಮ್ಮಲ್ಲಿ ಎಲೆಕ್ಷನ್ನಿಗೆ ನಿಲ್ತಾರೆ, ಅಮೆರಿಕದಲ್ಲಿ ಓಡ್ತಾರಾ?” ಅಂದ ಸೆಂಟ್ರಿಂಗ್ ಹುಡುಗ. ಬ್ರಿಟನ್ನಿನವರೂ ನಿಲ್ತಾರೆ ಮಾರಾಯಾ, ಸ್ಟ್ಯಾಂಡ್ ಅಂತಾರೆ ಅಂದೆ. “ಹಂಗಾದ್ರೆ ಓಡೋರು ಗೆಲ್ತಾರೋ ನಿಲ್ಲೋರು ಗೆಲ್ತಾರೋ?”

‘ಗೆಟ್’ ಮಾತ್ರ ಎರಡು ವಾರ ತಿಂದು ಕೈಗೆ ಸಿಗಲೇ ಇಲ್ಲ. ಸಿಗು, ಪಡೆ, ಆಗು ಮೂರೂ ಹಾಕಿ ನೋಡಿದೆ, ಯಾವುದೂ ಪೂರಾ ಹಿಡಿಯಲಿಲ್ಲ. ಸದ್ಯ ಬೋರ್ಡಿನ ಮೂಲೇಲಿ ಬರೆದಿಟ್ಟಿದ್ದೇನೆ, ಒರೆಸಿಲ್ಲ.