ಕುಕ್ಕರಹಳ್ಳಿ ಕೆರೆಗೆ ಮರಳಿದ ಹಕ್ಕಿಗಳನ್ನು ನೋಡುವುದು ಹೇಗೆ?

ಸಂಕ್ರಾಂತಿ ಕಳೆದು ಶಿವರಾತ್ರಿ ಹತ್ತಿರವಾಗುವ ಹೊತ್ತಿಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ನಡುಗಡ್ಡೆ ಮರಗಳಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಗಡಿಬಿಡಿ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಈ ಕೆರೆಯ ಸುತ್ತ ದುರ್ಬೀನನ್ನು ಹಾರದಂತೆ ಧರಿಸಿ, ‘ಏನೂ ಸ್ಪಷ್ಟವಾಗಿ ಕಾಣುವುದಿಲ್ಲ’ ಎಂದು ಗೊಣಗುತ್ತಾ ನಡೆಯುವವರಿಗೆ ಬರವಿಲ್ಲ.

1. ಬೆಳಿಗ್ಗೆ ಬೇಗ ಹೋಗಿ, ಪೂರ್ವದ ದಡದಲ್ಲಿ ನಿಲ್ಲಿ. ಬಿಸಿಲು ಬೆನ್ನಿಗಿರಬೇಕು.

2. ದುರ್ಬೀನು 8×42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಅಗಲದ ಮುಂಗಾಜಿನದು) ಇದ್ದರೆ ಸಾಕು. ಹನ್ನೆರಡು, ಇಪ್ಪತ್ತು ಪಟ್ಟು ದೊಡ್ಡದಾಗಿ ತೋರಿಸುವುದನ್ನು ಕೈಯಲ್ಲಿ ಹಿಡಿದರೆ ಹಕ್ಕಿಗಿಂತ ನಿಮ್ಮ ಕೈನಡುಕವೇ ದೊಡ್ಡದಾಗಿ ಕಾಣುತ್ತದೆ. ಕೆಂಪಗೆ ಹೊಳೆಯುವ ಗಾಜಿನ ಅಗ್ಗದ ಮಾಲನ್ನು ಮಕ್ಕಳ ಆಟಕ್ಕೂ ಕೊಳ್ಳಬೇಡಿ.

3. ಎಲ್ಲರೂ ಎಡವುವುದು ಇಲ್ಲೇ. ಕನ್ನಡಕ ಹಾಕುವವರು ಕಣ್ಣಿನ ಕಡೆಯ ರಬ್ಬರ್ ಅಂಚನ್ನು ಒಳಕ್ಕೆ ತಿರುಗಿಸಿಕೊಳ್ಳಬೇಕು. ಇಲ್ಲದಿದ್ದರೆ ಸುತ್ತಲೂ ಕಪ್ಪು ಕವಿಯುತ್ತದೆ. ಎರಡು ಕೊಳವೆಗಳ ನಡುವಿನ ಅಂತರವನ್ನು ಹಿಗ್ಗಿಸಿ ಕುಗ್ಗಿಸಿ, ಒಂದೇ ವೃತ್ತ ಕಾಣುವಂತೆ ಮಾಡಿ. ಈಗ ಅಲುಗಾಡದ ಒಣಕೊಂಬೆಯೊಂದನ್ನು ಆರಿಸಿ. ಬಲಗಣ್ಣು ಮುಚ್ಚಿ, ನಡುವಿನ ಚಕ್ರವನ್ನು ತಿರುಗಿಸುತ್ತಾ ಎಡಗಣ್ಣಿಗೆ ಕೊಂಬೆ ನಿಚ್ಚಳವಾಗಿಸಿ. ಬಳಿಕ ಎಡಗಣ್ಣು ಮುಚ್ಚಿ, ಚಕ್ರವನ್ನು ಮುಟ್ಟದೆ, ಸಾಮಾನ್ಯವಾಗಿ ಬಲ ಕೊಳವೆಯ ತುದಿಯಲ್ಲಿರುವ ಬಳೆಯನ್ನು ಮಾತ್ರ ತಿರುಗಿಸಿ. ಈ ಬಳೆ ಇರುವುದೇ ಎಷ್ಟೋ ಜನರಿಗೆ ಗೊತ್ತಿಲ್ಲ! ಸರಿಹೋದ ಜಾಗಕ್ಕೆ ಒಂದು ಗುರುತು ಹಾಕಿಕೊಳ್ಳಿ, ಮನೆಮಂದಿ ಯಾರಾದರೂ ತಿರುಗಿಸಿಯೇ ಬಿಡುತ್ತಾರೆ. ಹೆಜ್ಜಾರ್ಲೆಯ ಮೇಲ್ಕೊಕ್ಕಿನ ಅಂಚಿನ ಚುಕ್ಕೆಗಳು ಬಿಡಿಬಿಡಿಯಾಗಿ ಕಂಡರೆ ಹೊಂದಿಕೆ ಸರಿಯಾಗಿದೆ ಎಂದರ್ಥ.

4. ಹಕ್ಕಿಯ ಮೇಲಿಂದ ಕಣ್ಣು ಕದಲಿಸದೆ ದುರ್ಬೀನನ್ನು ಕಣ್ಣಿಗೆ ತನ್ನಿ. ಅದರೊಳಗಿಂದಲೇ ಹಕ್ಕಿಯನ್ನು ಹುಡುಕಲು ಹೊರಟರೆ ಆಕಾಶ ಬಿಟ್ಟು ಬೇರೇನೂ ಸಿಗದು.

5. ಹಾರುವಾಗ ಕತ್ತು ಮಡಚಿಕೊಂಡದ್ದು ಹೆಜ್ಜಾರ್ಲೆ, ಮುಂದಕ್ಕೆ ಚಾಚಿದ್ದು ಕೊಕ್ಕರೆ. ಬೆಳ್ಳಕ್ಕಿಯೂ ಕತ್ತು ಮಡಚುತ್ತದೆ, ಆದರೆ ಗಾತ್ರದಲ್ಲೇ ವ್ಯತ್ಯಾಸ ತಿಳಿಯುತ್ತದೆ. ಕೊಕ್ಕರೆ ಕೂತಿದ್ದರೆ ಬಾಲದ ಬಳಿಯ ಗುಲಾಬಿ ಗರಿಗಳನ್ನು ನೋಡಿ.

ಕೆರೆ ಸುತ್ತಬೇಡಿ. ಒಂದೇ ಗೂಡನ್ನು ಅರ್ಧ ಗಂಟೆ ನೋಡಿ: ಒಂದು ಹಕ್ಕಿ ಕಡ್ಡಿ ತರುತ್ತದೆ, ಇನ್ನೊಂದು ಅದನ್ನು ಗೂಡಿಗೆ ಸಿಕ್ಕಿಸುತ್ತದೆ, ಕೊಕ್ಕರೆಗಳಾದರೆ ಕೊಕ್ಕನ್ನು ಪಟಪಟನೆ ಬಡಿಯುತ್ತವೆ. ದುರ್ಬೀನಿಗೆ ಮೊಬೈಲ್ ಒತ್ತಿ ಚಿತ್ರ ತೆಗೆಯುವ ಸರ್ಕಸ್ ಮಾತ್ರ ಬೇಡ. ಗೂಡಿನಲ್ಲಿ ಏನು ನಡೆಯಿತೆಂದು ಪುಟ್ಟ ಪುಸ್ತಕದಲ್ಲಿ ದಿನಾಂಕದೊಂದಿಗೆ ಬರೆದುಕೊಳ್ಳಿ, ಮುಂದಿನ ವಾರ ಅದೇ ಗೂಡನ್ನು ಹುಡುಕಲು ಬೇಕಾಗುತ್ತದೆ.