ಹಳೆ ಗೇಮ್ ಕನ್ಸೋಲ್, ಹೊಸ ಟಿವಿ: ಚಿತ್ರ ಚೊಕ್ಕ ಮಾಡಿಕೊಂಡ ಕ್ರಮ

ಸೂಪರ್ ನಿಂಟೆಂಡೊ, ಮೆಗಾ ಡ್ರೈವ್ ಎರಡನ್ನೂ ಈಗಿನ ಎಲ್‌ಸಿಡಿ ಟಿವಿಯಲ್ಲಿ ಆಡುತ್ತೇನೆ. ಹಳದಿ ಪಿನ್ನಿನ ಎವಿ ಕೇಬಲ್ ನೇರ ಚುಚ್ಚಿದರೆ ಚಿತ್ರ ಮಸುಕಾಗುವುದಕ್ಕೆ ಎರಡು ಕಾರಣ. ಕಾಂಪೋಸಿಟ್, ಅಂದರೆ ಈ ಹಳದಿ ಪಿನ್ನಿನ ಸಿಗ್ನಲ್‌ನಲ್ಲಿ ಬಣ್ಣವೂ ಬೆಳಕೂ ಒಂದೇ ತಂತಿಯಲ್ಲಿ ಬೆರೆತು ಬರುತ್ತವೆ. ಟಿವಿ ಅವನ್ನು ಪೂರ್ತಿ ಬಿಡಿಸಲಾರದು. ಅಕ್ಷರಗಳ ಅಂಚಿನಲ್ಲಿ ಚುಕ್ಕಿಗಳು ಹರಿದಾಡುವುದು ಅದಕ್ಕೇ. ಎರಡನೆಯದು, ಈ ಕನ್ಸೋಲ್‌ಗಳು ಕೊಡುವುದು 240ಪಿ, ಅಂದರೆ ಪ್ರತಿ ಫ್ರೇಮೂ 240 ಗೆರೆಗಳ ಪೂರ್ತಿ ಚಿತ್ರ. ಅನೇಕ ಟಿವಿಗಳು ಅದನ್ನು 480ಐ (ಗೆರೆ ಬಿಟ್ಟು ಗೆರೆಯಂತೆ ಎರಡು ಕಂತಿನಲ್ಲಿ ಬರುವ 480 ಗೆರೆಗಳ ಚಿತ್ರ) ಎಂದು ತಿಳಿದು, ಅಕ್ಕಪಕ್ಕದ ಎರಡು ಫ್ರೇಮುಗಳನ್ನು ಒಂದರೊಳಗೊಂದು ಹೆಣೆದುಬಿಡುತ್ತವೆ.

ನಿಮ್ಮ ಟಿವಿಯೂ ಹೀಗೆ ಮಾಡುತ್ತಿದೆಯೇ ಎಂದು ನೋಡಲು ಕನ್ಸೋಲ್‌ನಲ್ಲೇ ಓಡಿಸುವ 240ಪಿ ಟೆಸ್ಟ್ ಸೂಟ್ ಎಂಬ ಪ್ರೋಗ್ರಾಮಿನಲ್ಲಿ ನೆರಳಿನ ಪರೀಕ್ಷೆ ಇದೆ. ಅದರಲ್ಲಿ ನೆರಳು ಒಂದು ಫ್ರೇಮ್ ಬಿಟ್ಟು ಒಂದರಲ್ಲಿ ಮೂಡುತ್ತದೆ. ಸರಿಯಾಗಿದ್ದರೆ ಅದು ಮಿನುಗಬೇಕು. ಗೆರೆಗೆರೆಯಾಗಿ ನಿಂತುಬಿಟ್ಟರೆ, ಇಲ್ಲವೇ ಮಾಯವಾದರೆ, ಟಿವಿ ಹೆಣೆಯುತ್ತಿದೆ ಎಂದೇ ಅರ್ಥ. ಅಗ್ಗದ ಎವಿ–ಎಚ್‌ಡಿಎಂಐ ಡಬ್ಬಿಯಿಂದ ಇದು ಪರಿಹಾರವಾಗದು: ಅದಕ್ಕೂ ಹೋಗುವುದು ಕಾಂಪೋಸಿಟ್ಟೇ, ಅದೂ ಸಾಮಾನ್ಯವಾಗಿ 480ಐ ಎಂದೇ ಓದುತ್ತದೆ, ಮೇಲೆ ಚಿತ್ರವನ್ನು 16:9ಕ್ಕೆ ಎಳೆದು ಹಿಗ್ಗಿಸುತ್ತದೆ.

ಹಾಗಾಗಿ ಮೊದಲು ಕೇಬಲ್. ಎರಡೂ ಕನ್ಸೋಲ್‌ಗಳ ಎವಿ ಪೋರ್ಟಿನಲ್ಲೇ ಆರ್‌ಜಿಬಿ, ಅಂದರೆ ಕೆಂಪು, ಹಸಿರು, ನೀಲಿ ಬೇರೆಬೇರೆ ತಂತಿಯಲ್ಲಿ ಸಿಗುತ್ತವೆ. ಬೇಕಾದದ್ದು ಸರಿಯಾದ ಸ್ಕಾರ್ಟ್ (ಯೂರೋಪಿನ ಹಳೆ ಟಿವಿಗಳ ಅಗಲ ಪ್ಲಗ್ಗಿನ) ಕೇಬಲ್. ಇಲ್ಲಿ ಎಡವುವವರೇ ಹೆಚ್ಚು. ಎನ್‌ಟಿಎಸ್‌ಸಿ (ಅಮೆರಿಕ, ಜಪಾನ್ ಪದ್ಧತಿಯ) ಸೂಪರ್ ನಿಂಟೆಂಡೊಗೆ ಕೆಂಪು, ಹಸಿರು, ನೀಲಿ ತಂತಿಗಳಲ್ಲಿ ತಲಾ ಒಂದು 220 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಾಲಿನಲ್ಲಿ ಇರಬೇಕು. ಪಾಲ್ (ಯೂರೋಪ್ ಪದ್ಧತಿಯ) ಮಾದರಿಗಾದರೆ ಅದರ ಬದಲು ಪ್ರತಿ ಬಣ್ಣದ ತಂತಿಯಿಂದ ಗ್ರೌಂಡಿಗೆ 75 ಓಮ್ ರೆಸಿಸ್ಟರ್. ಅದಿಲ್ಲದಿದ್ದರೆ ಬೆಳಕು ಮಿತಿಮೀರಿ ಬಿಳಿ ಭಾಗ ಉರಿಯುತ್ತದೆ. ಎನ್‌ಟಿಎಸ್‌ಸಿ ಮಾದರಿಯಲ್ಲಿ ಸಿಂಕ್ (ಗೆರೆ, ಫ್ರೇಮ್ ಎಲ್ಲಿ ಶುರುವೆಂದು ಹೇಳುವ ಸಿಗ್ನಲ್) ಬರುವ ಪಿನ್ನಿನಲ್ಲಿ ಪಾಲ್ ಮಾದರಿ 12 ವೋಲ್ಟ್ ಕೊಡುತ್ತದೆ. ಕೇಬಲ್ ಅದಲುಬದಲಾದರೆ ಸ್ಕೇಲರ್ (ಚಿತ್ರವನ್ನು ಹೊಸ ಟಿವಿಗೆ ಹಿಗ್ಗಿಸಿ ಕೊಡುವ ಡಬ್ಬಿ) ಸುಟ್ಟೀತು, ದಯವಿಟ್ಟು ಮೀಟರ್ ಹಿಡಿದು ನೋಡಿಯೇ ಜೋಡಿಸಿ.

ಆರ್‌ಜಿಬಿ ಕೇಬಲ್ ಹಾಕಿಯೂ ಸಮಬಣ್ಣದ ಆಕಾಶದಲ್ಲಿ ಸಣ್ಣ ಚೌಕುಳಿ ಕಂಡರೆ, ಸಿಂಕ್‌ಗೆಂದು ಬಳಸಿದ ಕಾಂಪೋಸಿಟ್ ತಂತಿ ಪಕ್ಕದ ಬಣ್ಣದ ತಂತಿಗೆ ಸೋರುತ್ತಿದೆ. ಪ್ರತಿ ತಂತಿಗೂ ಬೇರೆ ಶೀಲ್ಡ್ ಇರುವ, ಸಿಂಕ್ ಅನ್ನು ಲೂಮಾದಿಂದಲೋ (ಬೆಳಕಿನ ಸಿಗ್ನಲ್) ಶುದ್ಧ ಸಿಂಕ್ ಪಿನ್ನಿನಿಂದಲೋ ತೆಗೆಯುವ ಕೇಬಲ್ ತಂದರೆ ಹೋಗುತ್ತದೆ.

ಕೇಬಲ್ ಆದಮೇಲೆ ಓಎಸ್‌ಎಸ್‌ಸಿ ಎಂಬ ಸ್ಕೇಲರ್. ಇದು ಪ್ರತಿ ಗೆರೆಯನ್ನು ಎರಡರಿಂದ ಐದು ಪಟ್ಟು ಮಾಡಿ ಕೂಡಲೇ ಕಳಿಸುತ್ತದೆ, ಪೂರ್ತಿ ಫ್ರೇಮ್ ಹಿಡಿದಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಅದರಿಂದ ಆಗುವ ತಡ ಕೆಲವೇ ಗೆರೆಗಳಷ್ಟು. 2 ಪಟ್ಟು ಎಂದರೆ 480ಪಿ, ಹೆಚ್ಚಿನ ಟಿವಿಗಳು ತಗಾದೆ ತೆಗೆಯವು. 4 ಪಟ್ಟಿನ 960ಪಿ ಅನ್ನು ಕೆಲವು ಟಿವಿಗಳು ಒಪ್ಪುವುದೇ ಇಲ್ಲ. 5 ಪಟ್ಟನ್ನು 1080ಪಿಯಲ್ಲಿ ಕೂರಿಸಿದರೆ ಮೂಲದ 216 ಗೆರೆಗಳಿಗಷ್ಟೇ ಜಾಗ. ಆಟ 224 ಗೆರೆ ಬರೆಯುತ್ತಿದ್ದರೆ ಮೇಲೆ ನಾಲ್ಕು, ಕೆಳಗೆ ನಾಲ್ಕು ಗೆರೆ ಕತ್ತರಿಸಿ ಹೋಗುತ್ತವೆ.

ನಿಜವಾದ ಚೂಪು ಬರುವುದು ಸ್ಯಾಂಪಲ್ ದರ, ಅಂದರೆ ಓಎಸ್‌ಎಸ್‌ಸಿ ಒಂದು ಗೆರೆಯನ್ನು ಎಷ್ಟು ಸಲ ಅಳೆಯಬೇಕೆಂಬ ಸಂಖ್ಯೆ ಹೊಂದಿಸಿದಾಗ. ಸೂಪರ್ ನಿಂಟೆಂಡೊಗೆ 256 ಅಗಲದ ಆಪ್ಟಿಮೈಸ್ಡ್ ಮೋಡ್ ಆರಿಸಿ ಆ ದರ 341 ಇಡಿ, ಮೆಗಾ ಡ್ರೈವ್‌ನ 320 ಅಗಲದ ಆಟಗಳಿಗೆ 427. ಆಮೇಲೆ ಒಂದು ಪಿಕ್ಸೆಲ್ ಕಪ್ಪು, ಒಂದು ಬಿಳಿ ಇರುವ ಚೌಕುಳಿ ತೆರೆಯ ಮೇಲೆ ತಂದು, ಫೇಸ್ ಅನ್ನು (ಪಿಕ್ಸೆಲ್‌ನ ಯಾವ ಕ್ಷಣದಲ್ಲಿ ಅಳೆಯಬೇಕೆಂಬ ಸೆಟ್ಟಿಂಗ್) ಒಂದೊಂದೇ ಹೆಜ್ಜೆ ಸರಿಸಿ. ತಪ್ಪಿದ್ದಾಗ ಚೌಕುಳಿ ಬೂದು ಬಣ್ಣಕ್ಕೆ ತಿರುಗಿ ನಡುಗುತ್ತಿರುತ್ತದೆ. ಸರಿಯಾದ ಜಾಗಕ್ಕೆ ಬಂದ ಕ್ಷಣ ನಡುಕ ನಿಂತು ಕಪ್ಪು ಕಪ್ಪಾಗಿ, ಬಿಳಿ ಬಿಳಿಯಾಗಿ ಕೂರುತ್ತದೆ. ಅಲ್ಲಿಂದ ಇನ್ನೂ ಒಂದೆರಡು ಹೆಜ್ಜೆ ಮುಂದೆ ಹೋದರೆ ಸುರಕ್ಷಿತ, ಯಂತ್ರ ಬಿಸಿಯಾದಾಗ ಜಾರುವುದಿಲ್ಲ.

ಟಿವಿಯಲ್ಲಿ ಗೇಮ್ ಮೋಡ್ ಹಾಕಿ, 4:3 ಇಟ್ಟು, ಓವರ್‌ಸ್ಕ್ಯಾನ್ (ಅಂಚು ಕತ್ತರಿಸುವುದು), ನಾಯ್ಸ್ ರಿಡಕ್ಷನ್, ಮೋಷನ್ ಸ್ಮೂತಿಂಗ್ ಆಫ್ ಮಾಡಿ. ಶಾರ್ಪ್‌ನೆಸ್ ಇಳಿಸಿ, ಅಂಚಿನ ಸುತ್ತ ಬಿಳಿ ನೆರಳು ಹೋದಲ್ಲಿ ನಿಲ್ಲಿಸಿ.

ಎರಡು ತೊಡಕುಗಳು ಉಳಿಯುತ್ತವೆ. ಎನ್‌ಟಿಎಸ್‌ಸಿ ಸೂಪರ್ ನಿಂಟೆಂಡೊ ಸೆಕೆಂಡಿಗೆ ಸುಮಾರು 60.1 ಫ್ರೇಮ್ ಕೊಡುತ್ತದೆ, ಸಾಲದ್ದಕ್ಕೆ ಫ್ರೇಮ್ ಬಿಟ್ಟು ಫ್ರೇಮಿನಲ್ಲಿ ಒಂದು ಗೆರೆ ಕೊಂಚ ಮೊಟಕು. ಓಎಸ್‌ಎಸ್‌ಸಿ ಈ ಏರುಪೇರನ್ನು ಹಾಗೇ ದಾಟಿಸುವುದರಿಂದ ಕೆಲವು ಟಿವಿಗಳಲ್ಲಿ ತೆರೆ ಆಗಾಗ ಕಪ್ಪಾಗುತ್ತದೆ. ಆಗ ಕನ್ಸೋಲ್ ಒಳಗೆ ಈ ಏರುಪೇರು ಸರಿಪಡಿಸುವ ಡಿ-ಜಿಟರ್ ಬೋರ್ಡ್ ಹಾಕಬೇಕು, ಇಲ್ಲವೇ ರೆಟ್ರೊಟಿಂಕ್ 5ಎಕ್ಸ್‌ನಂತೆ ಫ್ರೇಮ್ ಬಫರ್ (ಪೂರ್ತಿ ಫ್ರೇಮ್ ಹಿಡಿದಿಡುವ ಮೆಮೊರಿ) ಇರುವ ಸ್ಕೇಲರ್ ಬಳಸಬೇಕು. ಮೆಗಾ ಡ್ರೈವ್‌ನದು ಬೇರೆ ಕಥೆ: ಅದರ ಹಲವು ಆಟಗಳು ಜಲಪಾತ, ನೆರಳುಗಳನ್ನು ಪಟ್ಟೆಪಟ್ಟೆಯಾಗಿ ಬರೆದು, ಕಾಂಪೋಸಿಟ್‌ನ ಮಸುಕಿನಲ್ಲಿ ಅವು ಬೆರೆಯಲಿ ಎಂದು ಬಿಟ್ಟಿವೆ. ಆರ್‌ಜಿಬಿಯಲ್ಲಿ ಆ ಪಟ್ಟೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಅಂಥ ಆಟಗಳಿಗೆಂದೇ ಹಳದಿ ಕೇಬಲ್ ಇಟ್ಟುಕೊಂಡಿದ್ದೇನೆ.